ಸರಕಾರಿ ನೌಕರಿ ಮತ್ತು ಸೊಂಟದ ಪಿಸ್ತೂಲು



ಸರಕಾರಿ ನೌಕರಿಯಲ್ಲಿದ್ದವರಿಗೆ, ಇದ್ದು ನಿವೃತ್ತರಾದವರಿಗೆ ಪಿಸ್ತೂಲಿನ ಲೈಸನ್ಸ್ ಲಗೂನೆ ಸಿಗುತ್ತದೆ ಎಂಬ ಮಾತು ನಮ್ಮ ಕಲಬುರಗಿ ಕಡೆ ಬಹಳ ದಿನಗಳಿಂದ ಚಾಲ್ತಿಯಲ್ಲಿದೆ. "ಸಾಹೇಬ್ರ, ಮೂವತ್ತು ವರ್ಷ ಸರ್ವಿಸ್ ಮಾಡೀರಿ, ನಿಮಗ ಯಾರು ಇಲ್ಲ ಅಂತಾರ? ಒಂದು ಅರ್ಜಿ ಹಾಕಿಬಿಡ್ರಿ" ಎಂದು ನನಗೂ ಹಿತೈಷಿಗಳು ಹೇಳಿದ್ದುಂಟು. ಈಚೆಗೆ ಈ ಮಾತಿಗೆ ಇನ್ನೊಂದು ಬಾಲ ಸೇರಿಕೊಂಡಿದೆ. ಅರ್ಜಿಯ ಜೊತೆಗೆ ಲಗತ್ತಿಸಲು ಮಠದಿಂದ ಒಂದು ಶಿಫಾರಸು ಪತ್ರ ಕೊಡಿಸಿರಿ ಎಂದು ಕೇಳುವವರು ಹುಟ್ಟಿಕೊಂಡಿದ್ದಾರೆ. ಕೇಳುವವರಲ್ಲಿ ನೌಕರರಿದ್ದಾರೆ, ನಿವೃತ್ತರಿದ್ದಾರೆ, ವೇದಿಕೆಯ ಮೇಲೆ ನಿಷ್ಠುರವಾಗಿ ಮಾತಾಡುವ ನಮ್ಮ ಸುಧಾರಣಾ ಬಳಗದವರೂ ಇದ್ದಾರೆ. ಆದ್ದರಿಂದ ಈ ಪತ್ರಿಕೆಯಲ್ಲಿ ಈ ವಿಷಯ ಬರೆಯುವುದು ಅಪ್ರಸ್ತುತವಾಗಲಾರದು ಎಂದು ಭಾವಿಸಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸರಕಾರಿ ನೌಕರಿ ಎಂಬುದಷ್ಟೇ ಬಂದೂಕಿಗೆ ಅರ್ಹತೆಯಾಗುವುದಿಲ್ಲ, ಆಗಲೂಬಾರದು. ಜೀವಕ್ಕೆ ಅಪಾಯ ನಿಜವಾಗಿ ಇದೆಯೋ ಇಲ್ಲವೋ ಎಂಬುದೊಂದೇ ಅಳತೆಗೋಲು. ಆ ಅಪಾಯ ತಹಶೀಲ್ದಾರರಿಗೆ ಬಂದರೂ ಒಂದೇ, ಬಾಳೆ ಬೆಳೆಯುವ ರೈತನಿಗೆ ಬಂದರೂ ಒಂದೇ, ವಚನ ಓದಿಸುವ ಮಾಸ್ತರರಿಗೆ ಬಂದರೂ ಒಂದೇ.

ಮೊದಲು ಕಾಯ್ದೆ ಏನು ಹೇಳುತ್ತದೆಂದು ನೋಡೋಣ. ನಮ್ಮ ದೇಶದಲ್ಲಿ ಬಂದೂಕು, ಪಿಸ್ತೂಲು ಇಟ್ಟುಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳಿಗೆ ಒಳಪಟ್ಟಿದೆ. ಪರವಾನಗಿ ಕೊಡುವವರು ಜಿಲ್ಲಾಧಿಕಾರಿಗಳು. ಪೊಲೀಸ್ ಕಮಿಷನರ್ ಇರುವ ನಗರ ವ್ಯಾಪ್ತಿಯಲ್ಲಿ ಕಮಿಷನರು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಮಾನಸಿಕ ಮತ್ತು ದೈಹಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ ಬೇಕು. ಆಯುಧವನ್ನು ಸುರಕ್ಷಿತವಾಗಿ ಇಡುವ ಬಗ್ಗೆ ಮುಚ್ಚಳಿಕೆ ಬರೆದುಕೊಡಬೇಕು. ಬಂದೂಕು ಹಿಡಿಯುವ ತರಬೇತಿ ಆಗಬೇಕು. ಆಮೇಲೆ ಠಾಣೆಯಿಂದ ವರದಿ ಬರಬೇಕು. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು, ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿತು.

ಅಮೆರಿಕದಲ್ಲಿ ಮಕ್ಕಳಿರುವ ಹಲವರು "ಮುಚ್ಚಿಟ್ಟುಕೊಂಡು ಒಯ್ಯುವ ಲೈಸನ್ಸ್ ಬ್ಯಾರೇನ ಇರ್ತದಂತಲ್ರಿ?" ಎಂದು ಕೇಳುತ್ತಾರೆ. ಅಲ್ಲಿನ ಅನೇಕ ರಾಜ್ಯಗಳಲ್ಲಿ ಅಂಥ ಪ್ರತ್ಯೇಕ ಪರವಾನಗಿ ಇದೆ. ನಮ್ಮಲ್ಲಿ ಅಂಥದ್ದಿಲ್ಲ. ಇರುವುದು ಒಂದೇ ಪರವಾನಗಿ. ಅದರ ಮೇಲೆ ಸಾರ್ವಜನಿಕ ಸ್ಥಳಕ್ಕೆ ಪಿಸ್ತೂಲು ಒಯ್ಯುವವರು ಅದನ್ನು ಮೈಗೆ ಕಟ್ಟಿದ ಚರ್ಮದ ಚೀಲದಲ್ಲೋ ಅಂಥದೇ ಇನ್ನೊಂದು ಚೀಲದಲ್ಲೋ ಪೂರ್ತಿ ಮುಚ್ಚಿಟ್ಟು, ತಮ್ಮ ಹಿಡಿತದಲ್ಲೇ ಇಟ್ಟುಕೊಳ್ಳಬೇಕೆಂದು 2016ರ ನಿಯಮಗಳು ಹೇಳುತ್ತವೆ. ಹೊರಗೆ ತೆಗೆದು ಝಳಪಿಸುವುದಕ್ಕೆ ನಿಷೇಧವಿದೆ. ಅಂದರೆ ಮುಚ್ಚಿಡುವುದು ನಮ್ಮಲ್ಲಿ ವಿಶೇಷ ಸವಲತ್ತಾಗಿ ಬಂದಿಲ್ಲ, ಲೈಸನ್ಸ್ ಪಡೆದವನ ಕರ್ತವ್ಯವಾಗಿ ಬಂದಿದೆ. ಜಾತ್ರೆಯಲ್ಲಿ, ಮದುವೆಯಲ್ಲಿ ಅಂಗಿ ಸರಿಸಿ ಸೊಂಟ ತೋರಿಸುವವರಿಗೆ ಇದು ಗೊತ್ತಿದ್ದಂತೆ ಕಾಣುವುದಿಲ್ಲ.

ಇನ್ನು ಸರಕಾರಿ ನೌಕರಿಯ ಪ್ರಸ್ತಾಪ ಈ ಕಾಯ್ದೆ, ನಿಯಮಗಳಲ್ಲಿ ಎಲ್ಲೆಲ್ಲಿ ಬರುತ್ತದೆಂದು ಹುಡುಕೋಣ.

ಒಂದು, ಕಾಯ್ದೆಯ 45ನೇ ಕಲಂ. ಸರಕಾರದ ಆದೇಶದ ಮೇರೆಗೆ, ಅಥವಾ ಸರಕಾರಿ ನೌಕರನು ತನ್ನ ಕರ್ತವ್ಯದ ಭಾಗವಾಗಿ ಆಯುಧ ಹಿಡಿದರೆ ಅದಕ್ಕೆ ಈ ಕಾಯ್ದೆ ಅನ್ವಯವಾಗುವುದಿಲ್ಲ. ಪೊಲೀಸ್ ಪೇದೆಯ ರೈಫಲ್, ಅರಣ್ಯ ರಕ್ಷಕನ ಬಂದೂಕು ಈ ಕಲಮಿನ ಅಡಿ ಬರುತ್ತವೆ. ಆ ಬಂದೂಕು ಇಲಾಖೆಯದು. ಡ್ಯೂಟಿ ಮುಗಿದ ಮೇಲೆ ಅದು ಇಲಾಖೆಯ ಕೋಣೆಗೆ ಹಿಂದಿರುಗಬೇಕು. ನಿವೃತ್ತಿಯ ದಿನ ಕುರ್ಚಿ, ಜೀಪು, ಅಳತೆ ಪುಸ್ತಕ ಬಿಟ್ಟುಬಂದಂತೆ ಅದನ್ನೂ ಬಿಟ್ಟುಬರಬೇಕು.

ಎರಡು, ನಿರ್ಬಂಧಿತ ಆಯುಧಗಳು. 9 ಎಂ.ಎಂ. ಪಿಸ್ತೂಲಿನಂಥವು ಈ ವರ್ಗದಲ್ಲಿವೆ. ಇವುಗಳ ಪರವಾನಗಿ ದೆಹಲಿಯ ಗೃಹ ಸಚಿವಾಲಯದ ಕೈಯಲ್ಲಿದೆ. ಇಲ್ಲಿ ಸರಕಾರಿ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಬರುತ್ತದೆ. ಆದರೆ ಅದರ ಬೆನ್ನಿಗೇ ಷರತ್ತೂ ಬರುತ್ತದೆ: ಹುದ್ದೆಯ ಅಥವಾ ಕರ್ತವ್ಯದ ಸ್ವರೂಪದಿಂದಾಗಿ ಆತನ ಜೀವಕ್ಕೆ ಗಂಭೀರವಾದ, ತತ್‌ಕ್ಷಣದ ಅಪಾಯ ಇರಬೇಕು.

ಮೂರು, ಸಾಮಾನ್ಯರಿಗೆ ಸಿಗಬಹುದಾದ .32 ರಿವಾಲ್ವರ್‌ನಂಥ ಆಯುಧಗಳು. ಇಲ್ಲಿ ವ್ಯಾಪಾರ, ವೃತ್ತಿ, ಉದ್ಯೋಗದ ಸ್ವರೂಪದಿಂದ ಜೀವ ಅಥವಾ ಆಸ್ತಿ ಕಾಪಾಡಿಕೊಳ್ಳುವ ನಿಜವಾದ ಅಗತ್ಯವಿರುವವರ ಅರ್ಜಿ ಪರಿಶೀಲಿಸಬಹುದು. ಸೈನ್ಯ, ಕೇಂದ್ರ ಸಶಸ್ತ್ರ ಪಡೆ, ರಾಜ್ಯ ಪೊಲೀಸ್ ಸೇವೆಯಲ್ಲಿ ಇರುವವರನ್ನು ಮತ್ತು ಇದ್ದವರನ್ನು ನಿಯಮ ಪ್ರತ್ಯೇಕವಾಗಿ ಹೆಸರಿಸುತ್ತದೆ. ಗಮನಿಸಿ, ಅವರಿಗೂ "ನಿಜವಾದ ಅಗತ್ಯ ಇದ್ದರೆ" ಎಂಬ ಮಾತು ತಪ್ಪಿಲ್ಲ.

ನಾಲ್ಕು, ಪರವಾನಗಿಯ ವ್ಯಾಪ್ತಿ. ಇಡೀ ದೇಶಕ್ಕೆ ಅನ್ವಯವಾಗುವ ಪರವಾನಗಿ ಯಾರಿಗೆ ಎಂಬ ಬಗ್ಗೆ ಗೃಹ ಸಚಿವಾಲಯ 2010ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಕೇಂದ್ರ ಸಚಿವರು, ಸಂಸದರು, ಸೈನಿಕರು, ಅಖಿಲ ಭಾರತ ಸೇವೆಯ ಅಧಿಕಾರಿಗಳು, ದೇಶದ ಯಾವ ಮೂಲೆಗಾದರೂ ವರ್ಗವಾಗಬಹುದಾದ ಅಧಿಕಾರಿಗಳು, ಶೂಟಿಂಗ್ ಕ್ರೀಡಾಪಟುಗಳು ಇದ್ದಾರೆ. ಇಲ್ಲಿ ಮಾತ್ರ ನೌಕರಿ ನೇರವಾಗಿ ಲೆಕ್ಕಕ್ಕೆ ಬರುತ್ತದೆ. ಅದೂ ಲೈಸನ್ಸ್ ಸಿಕ್ಕ ಮೇಲಿನ ಮಾತು. ವರ್ಗಾವಣೆಯ ಊರಿನಲ್ಲಿ ಅದು ನಡೆಯಬೇಕೆಂಬ ಅನುಕೂಲಕ್ಕಾಗಿ.

ಹೀಗೆ ನಾಲ್ಕೂ ಕಡೆ ಹುಡುಕಿದರೆ ನಿವೃತ್ತ ಎಂಜಿನಿಯರ್, ನಿವೃತ್ತ ಹೆಡ್‌ಮಾಸ್ತರ್, ನಿವೃತ್ತ ಶಿರಸ್ತೇದಾರ್ ಎಲ್ಲಿಯೂ ಕಾಣಸಿಗುವುದಿಲ್ಲ. ಸೇವೆಯಲ್ಲಿರುವ ಎಂಜಿನಿಯರನಿಗೂ ಉಳಿದ ಪ್ರಜೆಗಳಿಗಿಂತ ಮುಂದಿನ ಸಾಲು ಇಲ್ಲ.

ಇದಕ್ಕಿಂತ ಸ್ವಾರಸ್ಯದ ಸಂಗತಿ ಕಾಯ್ದೆಯ 13ನೇ ಕಲಮಿನಲ್ಲಿದೆ. ಬೆಳೆ ರಕ್ಷಣೆಗೆ ನಿಜವಾಗಿಯೂ ಬೇಕಾಗಿದ್ದರೆ ಮೂತಿಯಿಂದ ಮದ್ದು ತುಂಬುವ ಬಂದೂಕಿನ ಪರವಾನಗಿಯನ್ನು "ಕೊಡತಕ್ಕದ್ದು" ಎಂಬ ಅರ್ಥದಲ್ಲಿ ಅಲ್ಲಿ ಬರೆದಿದೆ. ಸ್ವರಕ್ಷಣೆಗೆ ಅಥವಾ ಕ್ರೀಡೆಗೆ ಬೇಕಾದ, 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಸಾದಾ ಬಂದೂಕಿಗೂ ಇದೇ ಮಾತು. ಉಳಿದೆಲ್ಲ ಆಯುಧಗಳಿಗೆ, ಅಂದರೆ ಪಿಸ್ತೂಲು ರಿವಾಲ್ವರುಗಳಿಗೆ, "ಒಳ್ಳೆಯ ಕಾರಣ ಇದೆಯೆಂದು ಅಧಿಕಾರಿಗೆ ಮನವರಿಕೆಯಾದರೆ" ಮಾತ್ರ. ಹಾಗಾದರೆ ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ರೈತನು ಕಾಡುಹಂದಿಯ ಕಾಟಕ್ಕೆ ಹಳೆಯ ಮಾದರಿಯ ಬಂದೂಕು ಕೇಳಿದರೆ, ಕಾಯ್ದೆಯ ಕಣ್ಣಿಗೆ ಅವನ ಅರ್ಜಿ ಕಲಬುರಗಿ ನಗರದಲ್ಲಿ ನಿವೃತ್ತಿಯ ನಂತರ ಪಿಸ್ತೂಲು ಕೇಳುವ ಸೂಪರಿಂಟೆಂಡಿಂಗ್ ಎಂಜಿನಿಯರನ ಅರ್ಜಿಗಿಂತ ಗಟ್ಟಿಯಾದದ್ದು. ಬಂದೂಕಿನ ಲೈಸನ್ಸ್ ಎಂದರೆ ಬೇಟೆಯ ಲೈಸನ್ಸ್ ಅಲ್ಲವೆಂಬುದು ಬೇರೆ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವನ ಮೇಲೂ ಇದೆ. ಆದರೂ ಕಾಯಕಕ್ಕೆ ಬೇಕಾದ ಆಯುಧಕ್ಕೂ ಗತ್ತಿಗೆ ಬೇಕಾದ ಆಯುಧಕ್ಕೂ ಇರುವ ಅಂತರವನ್ನು 1959ರಲ್ಲಿ ಕಾಯ್ದೆ ಬರೆದವರು ಬಲ್ಲವರಾಗಿದ್ದರು. ಆಸ್ತಿ ಸಾಕಷ್ಟಿಲ್ಲ ಎಂಬ ಒಂದೇ ಕಾರಣಕ್ಕೆ ಯಾರಿಗೂ ಪರವಾನಗಿ ನಿರಾಕರಿಸಬಾರದೆಂದೂ 14ನೇ ಕಲಮಿನಲ್ಲಿ ಬರೆದಿಟ್ಟರು. ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು, ಕೇಳಿದ ಅರ್ಜಿದಾರನಿಗೆ ತಿಳಿಸಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆ ಎನಿಸಿದರಷ್ಟೇ ತಡೆಹಿಡಿಯಬಹುದು. ಮೇಲ್ಮನವಿಗೂ ಅವಕಾಶವಿದೆ.

ಕಾಯ್ದೆ ಹಾಗಿದ್ದರೆ ಜನರ ಬಾಯಲ್ಲಿ ಈ ಮಾತು ಯಾಕೆ ನಿಂತಿದೆ? ಅದಕ್ಕೂ ಕಾರಣವಿದೆ. ನೌಕರನ ಕಾಗದಪತ್ರ ಚೊಕ್ಕಟವಾಗಿರುತ್ತವೆ. ಜನ್ಮದಿನಾಂಕ, ವಿಳಾಸ, ಗುರುತಿನ ಚೀಟಿ, ಸಂಬಳದ ಪಟ್ಟಿ ಎಲ್ಲವೂ ಒಂದೇ ಫೈಲಿನಲ್ಲಿ ಸಿಗುತ್ತವೆ. ಮೇಲೆ ಕ್ರಿಮಿನಲ್ ಕೇಸು ಇದ್ದರೆ ನೌಕರಿಯೇ ಉಳಿಯುವುದು ಕಷ್ಟ. ವಿಚಾರಣೆಗೆ ಮನೆಗೆ ಬಂದ ಪೇದೆಗೆ ಕುರ್ಚಿ ಹಾಕಿ ಚಹಾ ಕೊಡುವ ಮನೆ ಅದು. ಕಚೇರಿಯಲ್ಲಿ ಕಡತ ಎಲ್ಲಿದೆಯೆಂದು ಕೇಳುವ ಧೈರ್ಯವೂ ಅವನಿಗಿರುತ್ತದೆ. ಕೂಲಿಕಾರನಿಗೆ ಇದಾವುದೂ ಇಲ್ಲ. ಕಾಯ್ದೆ ಕೊಡದ ಅನುಕೂಲವನ್ನು ಪರಿಚಯ ಕೊಡುತ್ತದೆ. ಇದನ್ನು ನಾವು ಅರ್ಹತೆ ಎಂದು ಕರೆಯಬಾರದು. ಇದು ಬರೀ ವಶೀಲಿ.

ವಶೀಲಿ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಜಮ್ಮು ಮತ್ತು ಕಾಶ್ಮೀರದ ಪ್ರಕರಣ ಸಾಕ್ಷಿ. 2012ರಿಂದ 2016ರ ನಡುವೆ ಅಲ್ಲಿ ಕೊಟ್ಟ 2.78 ಲಕ್ಷಕ್ಕೂ ಹೆಚ್ಚು ಪರವಾನಗಿಗಳ ಬಗ್ಗೆ ಸಿಬಿಐ ತನಿಖೆ ನಡೆಸಿತು. ಆ ರಾಜ್ಯದ ನಿವಾಸಿಗಳಲ್ಲದವರಿಗೆ, ಸೈನ್ಯ ಮತ್ತು ಅರೆಸೇನಾ ಪಡೆಯವರೆಂಬ ಹೆಸರಿನಲ್ಲಿ, ಹಣ ಪಡೆದು ಪರವಾನಗಿ ಕೊಟ್ಟಿದ್ದಾರೆಂಬುದು ಆರೋಪ. 2020ರಲ್ಲಿ ಐಎಎಸ್ ಅಧಿಕಾರಿಗಳ ಬಂಧನವೂ ಆಯಿತು. ನೌಕರಿಯ ಹೆಸರೇ ಅರ್ಹತೆಯ ಚೀಟಿಯಾದರೆ ಆ ಚೀಟಿಗೆ ಬೆಲೆ ಕಟ್ಟುವವರು ಹುಟ್ಟುತ್ತಾರೆ. ಮಧ್ಯಪ್ರದೇಶದಲ್ಲಿ ಇನ್ನೊಂದು ಬಗೆ ನಡೆಯಿತು. 2008ರಲ್ಲಿ ಶಿವಪುರಿಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಗಂಡಸರಿಗೆ ಬಂದೂಕಿನ ಲೈಸನ್ಸ್ ನೀಡಿಕೆಯಲ್ಲಿ ಆದ್ಯತೆ ಎಂದರು. 2019ರಲ್ಲಿ ಗ್ವಾಲಿಯರ್‌ನಲ್ಲಿ ಸಸಿ ನೆಟ್ಟು ಬನ್ನಿರಿ ಎಂದರು. ಸಸಿ ನೆಡುವುದು ಒಳ್ಳೆಯದೇ. ಆದರೆ ಸಸಿಗೂ ಜೀವಭಯಕ್ಕೂ ಏನು ಸಂಬಂಧ? ಲೈಸನ್ಸನ್ನು ಬಹುಮಾನವೆಂದು ತಿಳಿದ ಕೂಡಲೇ ಅಳತೆಗೋಲು ಕೈತಪ್ಪುತ್ತದೆ. ದೀರ್ಘ ಸೇವೆಗೆ ಪಿಸ್ತೂಲು ಎಂಬುದೂ ಇದೇ ಜಾತಿಯ ವಿಚಾರ.

ಸ್ಥಾನಮಾನ ನೋಡಿ ಬಂದೂಕು ಕೊಡುವ ಪದ್ಧತಿ ಎಲ್ಲಿಂದ ಬಂತೆಂಬುದನ್ನೂ ನೆನೆಯಬೇಕು. 1857ರಲ್ಲಿ ಕಂಪನಿ ಸರಕಾರ ಜನರ ಆಯುಧ ಕಿತ್ತುಕೊಳ್ಳಲು ಹೊರಟಾಗ ಹಲಗಲಿಯ ಬೇಡರು ಎದ್ದುನಿಂತು ಪ್ರಾಣ ಕೊಟ್ಟರು. ಆಮೇಲೆ 1878ರ ಶಸ್ತ್ರ ಕಾಯ್ದೆ ಬಂತು. ಅದರಲ್ಲಿ ಭಾರತೀಯ ಪ್ರಜೆಗೆ ಲೈಸನ್ಸಿನ ಕಟ್ಟಳೆ, ಯುರೋಪಿಯನ್ನರಿಗೆ ಮತ್ತು ಕೆಲವು ದರ್ಜೆಯ ಅಧಿಕಾರಿ, ಬಿರುದಾಂಕಿತರಿಗೆ ವಿನಾಯಿತಿ. ಗನ್ ಹಿಡಿದವನು ದೊರೆ, ಹಿಡಿಯದವನು ರೈತ ಎಂಬ ಪಂಕ್ತಿಭೇದವನ್ನು ಕಾಯ್ದೆಯೇ ಮಾಡಿತ್ತು. ಸ್ವತಂತ್ರ ಭಾರತದ 1959ರ ಕಾಯ್ದೆ ಅದನ್ನು ತೆಗೆಯಲು ಯತ್ನಿಸಿತು. ಎಲ್ಲವೂ ಹೋಯಿತೆನ್ನಲಾಗದು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸನ್ಸಿನಿಂದ ವಿನಾಯಿತಿ ಇಂದಿಗೂ ಇದೆ. 2029ರವರೆಗೆ ಅದನ್ನು ವಿಸ್ತರಿಸಿದ್ದಾರೆ, 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿದಿದೆ. ಅದರ ಹಿಂದೆ ಒಂದು ನಾಡಿನ ಪರಂಪರೆ ಇದೆ, ಆ ಚರ್ಚೆ ಬೇರೆ. ನೌಕರರ ಹಿಂದೆ ಅಂಥ ಪರಂಪರೆಯೂ ಇಲ್ಲ. ನಾವು ಪರೀಕ್ಷೆ ಬರೆದು, ಆದೇಶ ಪಡೆದು ಬಂದವರು. ನಮ್ಮ ಭಾಗದ ಹಿರಿಯರಿಗಂತೂ ಖಾಸಗಿ ಕೈಗಳಲ್ಲಿನ ಬಂದೂಕು ಏನು ಮಾಡುತ್ತದೆಂದು ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. 1948ರ ಸೆಪ್ಟೆಂಬರ್ 17ಕ್ಕಿಂತ ಮುಂಚೆ ರಜಾಕಾರರ ಕಾಲದಲ್ಲಿ ಗೋರಟಾ ಗ್ರಾಮ ಕಂಡದ್ದು ಇನ್ನೂ ಜನರ ನೆನಪಿನಲ್ಲಿದೆ.

ಈಗ ಎದುರು ಪಕ್ಷದ ವಾದವನ್ನು ನ್ಯಾಯವಾಗಿ ನೋಡೋಣ. ಹೊರಗೆ ಹೋಗಿ ಕೆಲಸ ಮಾಡುವ ನೌಕರನಿಗೆ ಅಪಾಯ ಇಲ್ಲವೇ? ಖಂಡಿತ ಇದೆ. 2023ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಜೇವರ್ಗಿ ತಾಲೂಕಿನಲ್ಲಿ ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್‌ಸ್ಟೆಬಲ್ ಒಬ್ಬರ ಮೇಲೆ ಆ ಟ್ರ್ಯಾಕ್ಟರನ್ನೇ ಹರಿಸಿ ಕೊಂದರು. 2020ರ ಜುಲೈನಲ್ಲಿ ಕೋಲಾರ ಜಿಲ್ಲೆಯ ಬಂಗಾರಪೇಟೆಯ ತಹಶೀಲ್ದಾರರು ಜಮೀನಿನ ಸರ್ವೆಗೆ ಹೋದಲ್ಲಿ ಚಾಕು ಇರಿತಕ್ಕೆ ಬಲಿಯಾದರು. 2022ರ ನವೆಂಬರ್‌ನಲ್ಲಿ ತೆಲಂಗಾಣದ ಕೊತ್ತಗುಡೆಂ ಜಿಲ್ಲೆಯಲ್ಲಿ ವಲಯ ಅರಣ್ಯಾಧಿಕಾರಿಯೊಬ್ಬರ ಕೊಲೆಯಾಯಿತು. ಅಲ್ಲಿನ ಅರಣ್ಯ ಸಿಬ್ಬಂದಿ ಆಯುಧ ಕೊಡಿರೆಂದು ಬೇಡಿಕೆ ಇಟ್ಟರು. ಇವರ ಮನೆಯವರ ದುಃಖದ ಮುಂದೆ ನಿಂತು ಕಾಯ್ದೆಯ ಕಲಮು ಓದುವುದು ಸುಲಭವಲ್ಲ.

ಆದರೂ ಈ ಮೂರನ್ನೂ ಬಿಡಿಬಿಡಿಯಾಗಿ ನೋಡಿರಿ. ಮೂರೂ ಸರಕಾರದ ಕೆಲಸ ಮಾಡುವಾಗ, ಸರಕಾರ ಕಳಿಸಿದ ಜಾಗದಲ್ಲಿ ನಡೆದವು. ಟ್ರ್ಯಾಕ್ಟರ್ ಮೈಮೇಲೆ ಬರುವಾಗ ಪಿಸ್ತೂಲು ಏನು ಮಾಡೀತು? ಸರ್ವೆಯ ಗದ್ದಲದಲ್ಲಿ ಒಂದು ಮಾರು ದೂರದಿಂದ ಚಾಕು ಬೀಸುವವನ ಮುಂದೆ ಸೊಂಟದ ಚೀಲ ಬಿಚ್ಚಲು ಯಾರಿಗೆ ಹೊತ್ತಿರುತ್ತದೆ? ಕೆಲಸದ ಅಪಾಯಕ್ಕೆ ಉತ್ತರ ಕೊಡಬೇಕಾದವರು ಕೆಲಸ ಕೊಟ್ಟವರು. ಗಲಾಟೆಯ ಜಾಗಕ್ಕೆ ಸರ್ವೆಗೆ ಕಳಿಸುವ ಮುನ್ನ ಪೊಲೀಸ್ ಬಂದೋಬಸ್ತ್, ಮರಳು ತಡೆಯಲು ಒಬ್ಬಿಬ್ಬರ ಬದಲು ತಂಡ, ಬೆದರಿಕೆ ಬಂದ ದಿನವೇ ಎಫ್‌ಐಆರ್, ನಿಜವಾಗಿ ಆಯುಧ ಬೇಕಾದ ಹುದ್ದೆಗೆ ತರಬೇತಿಯೊಂದಿಗೆ ಇಲಾಖೆಯದೇ ಆಯುಧ. ಇವನ್ನು ನೌಕರರ ಸಂಘಗಳು ಗಟ್ಟಿಯಾಗಿ ಕೇಳಬೇಕು. ಕರ್ತವ್ಯದಲ್ಲಿರುವ ನೌಕರನ ಮೇಲೆ ಹಲ್ಲೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಮಿನಲ್ಲಿ 2 ವರ್ಷದವರೆಗೆ ಶಿಕ್ಷೆ ಇದೆ. ಆ ಕಲಮು ನಡೆಯುವಂತೆ ಮಾಡುವುದು ಬಿಟ್ಟು, "ನಿನ್ನ ಜೀವ ನೀನೇ ನೋಡಿಕೋ, ಒಂದು ಪಿಸ್ತೂಲು ಕೊಂಡುಕೋ" ಎಂದರೆ ಸರಕಾರ ತನ್ನ ಹೊಣೆಯನ್ನು ನೌಕರನ ಸೊಂಟಕ್ಕೆ ಕಟ್ಟಿದಂತೆ. ಅದಕ್ಕೆ ಹಣ ತೆರುವವನೂ ಅವನೇ, ಗುಂಡು ಹಾರಿದರೆ ಜೈಲಿಗೆ ಹೋಗುವವನೂ ಅವನೇ.

ನನ್ನ ಸೇವೆಯ ಒಂದು ಅನುಭವ ಹೇಳುತ್ತೇನೆ. ಕಮಲಾಪುರದ ಕಡೆ ಒಂದು ರಸ್ತೆ ಕಾಮಗಾರಿಯಲ್ಲಿ ಖಡಿಯ ಪದರಿನ ದಪ್ಪ ಅಳತೆಗೆ ಕಡಿಮೆ ಬಂತು. ಬಂದಷ್ಟೇ ಅಳತೆಯನ್ನು ಎಂ.ಬಿ.ಯಲ್ಲಿ ಬರೆದೆ. ಸಂಜೆ ಗುತ್ತಿಗೆದಾರನ ಕಡೆಯ ಇಬ್ಬರು ಬಂದು, "ರೋಡಿನ ಮ್ಯಾಲ ಒಬ್ಬರs ಓಡಾಡ್ತೀರಿ, ಜ್ವಾಕಿರಿ ಸಾಹೇಬ್ರ" ಎಂದರು. ರಾತ್ರಿಯೇ ಕಾರ್ಯನಿರ್ವಾಹಕ ಎಂಜಿನಿಯರರಿಗೆ ಪತ್ರ ಬರೆದೆ, ಒಂದು ಪ್ರತಿ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆದೆ. ಮರುದಿನ ಇನ್ನಿಬ್ಬರು ಸಹೋದ್ಯೋಗಿಗಳೊಂದಿಗೆ, ಗ್ರಾಮ ಪಂಚಾಯಿತಿಯವರ ಎದುರಿಗೆ ಅದೇ ರಸ್ತೆಯನ್ನು ಮತ್ತೆ ಅಳೆದೆವು. ಅಳತೆ ಬದಲಾಗಲಿಲ್ಲ, ಬೆದರಿಕೆ ಮತ್ತೆ ಬರಲಿಲ್ಲ. ಒಬ್ಬನ ಅಳತೆಯನ್ನು ಹತ್ತು ಮಂದಿಯ ಅಳತೆ ಮಾಡಿದ್ದೇ ಅಲ್ಲಿ ರಕ್ಷಣೆಯಾಯಿತು. ಎಲ್ಲ ಬೆದರಿಕೆಗಳೂ ಹೀಗೆ ತಣ್ಣಗಾಗುತ್ತವೆಂದು ನಾನು ಹೇಳುವುದಿಲ್ಲ. ಆದರೆ ಆ ಸಂಜೆ ನನ್ನ ಸೊಂಟದಲ್ಲಿ ಪಿಸ್ತೂಲು ಇದ್ದು, ಕೈ ಅದರ ಮೇಲೆ ಹೋಗಿದ್ದರೆ, ಮರುದಿನದ ಚರ್ಚೆ ಖಡಿಯ ದಪ್ಪದ ಬಗ್ಗೆ ಇರುತ್ತಿರಲಿಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣ ನಗರದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆ ಬಾಗಿಲಿನಲ್ಲೇ ಗುಂಡಿಟ್ಟು ಕೊಂದರು. ವಚನಗಳ ಸಂಪಾದನೆಗೆ ಬಾಳು ಸವೆಸಿದವರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ಸರಕಾರಿ ಸೇವೆಯ ಹಿರಿತನವೇ ಅರ್ಹತೆ ಎನ್ನುವುದಾದರೆ ಅವರಿಗಿಂತ ಅರ್ಹರು ಯಾರಿದ್ದರು? ಅವರು ಆ ದಾರಿ ಹಿಡಿಯಲಿಲ್ಲ. ಕೊಟ್ಟಿದ್ದ ಪೊಲೀಸ್ ರಕ್ಷಣೆಯನ್ನೂ ಅವರ ಕೋರಿಕೆಯ ಮೇರೆಗೇ ಹಿಂತೆಗೆದುಕೊಳ್ಳಲಾಗಿತ್ತೆಂದು ಆಗ ವರದಿಯಾಯಿತು. 2013ರ ಆಗಸ್ಟ್‌ನಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, 2015ರ ಫೆಬ್ರವರಿಯಲ್ಲಿ ಕೊಲ್ಲಾಪುರದಲ್ಲಿ ಗೋವಿಂದ ಪಾನ್ಸರೆ ಬೆಳಗಿನ ವಾಯುಸಂಚಾರದ ವೇಳೆ ಗುಂಡೇಟಿಗೆ ಗುರಿಯಾದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಅವರ ಮನೆಯ ಮುಂದೆಯೇ ಕೊಂದರು. ಕಲಬುರ್ಗಿಯವರಿಗೂ ಗೌರಿಯವರಿಗೂ ಬಡಿದ ಗುಂಡುಗಳು ಒಂದೇ 7.65 ಎಂ.ಎಂ. ನಾಡಪಿಸ್ತೂಲಿನವೆಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು.

ಆ ನಾಡಪಿಸ್ತೂಲಿಗೆ ಯಾವ ಜಿಲ್ಲಾಧಿಕಾರಿಯೂ ಲೈಸನ್ಸ್ ಕೊಟ್ಟಿರಲಿಲ್ಲ. ಕೊಲ್ಲಲು ಬರುವವನು ಅರ್ಜಿ ಹಾಕುವುದಿಲ್ಲ. "ಹಂಗಿದ್ರ ನಾವೂ ಒಂದು ಇಟ್ಟುಕೊಂಡಿರಬೇಕಲ್ಲ ಕಾಕಾ?" ಎಂದು ನಮ್ಮ ಬಳಗದ ಯುವಕನೊಬ್ಬ ಕೇಳಿದ. ಅವನ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಭಯ ನಿಜವಾದದ್ದು. ಆದರೆ ಈ ನಾಲ್ಕು ಕೊಲೆಗಳ ರೀತಿ ನೋಡಿರಿ. ಬಾಗಿಲಿಗೆ ಬಂದ ಅಪರಿಚಿತ, ಬೆಳಗಿನ ನಡಿಗೆ, ಮನೆಯ ಗೇಟು. ಪಿಸ್ತೂಲು ತೆಗೆಯಲು ಸಮಯ ಸಿಕ್ಕ ಸನ್ನಿವೇಶ ಒಂದೂ ಇಲ್ಲ. ಬಾಗಿಲು ಬಡಿದ ಪ್ರತಿಯೊಬ್ಬನನ್ನೂ ಕೊಲೆಗಾರನೆಂದು ತಿಳಿದು, ಪಿಸ್ತೂಲು ಕೈಯಲ್ಲಿ ಹಿಡಿದೇ ಬಾಗಿಲು ತೆರೆಯುವವನಿಗೆ ಮಾತ್ರ ಅದು ನೆರವಾದೀತು. ಹಾಗೆ ಬಾಗಿಲು ತೆರೆಯುವವನ ಮನೆಗೆ ಯಾವ ಜಂಗಮ ಬಂದಾನು, ಯಾವ ವಿದ್ಯಾರ್ಥಿ ಬಂದಾನು? ನಮ್ಮ ಚಳವಳಿ ತೆರೆದ ಬಾಗಿಲಿನದು. ಬೆದರಿಕೆ ಬಂದವರು ಠಾಣೆಗೆ ಲಿಖಿತ ದೂರು ಕೊಡಬೇಕು, ಪೊಲೀಸ್ ರಕ್ಷಣೆ ಕೊಟ್ಟರೆ ಸಂಕೋಚಪಡದೆ ಸ್ವೀಕರಿಸಬೇಕು, ಒಬ್ಬರೇ ಓಡಾಡಬಾರದು. ಅಷ್ಟರ ಮೇಲೂ ಯಾರಿಗಾದರೂ ಆಯುಧ ಅನಿವಾರ್ಯವೆನಿಸಿದರೆ, ಬೆದರಿಕೆಯ ದಾಖಲೆಯೊಂದಿಗೆ ಎಲ್ಲರಂತೆ ಅರ್ಜಿ ಹಾಕಲಿ. ಕಾಯ್ದೆ ಅವರಿಗೆ ಬಾಗಿಲು ಮುಚ್ಚಿಲ್ಲ. ನಾನು ವಿರೋಧಿಸುವುದು ಹುದ್ದೆಯನ್ನು ದಾಖಲೆಯಾಗಿ ತೋರಿಸುವುದನ್ನು.

ಅಮೆರಿಕದ ಉದಾಹರಣೆ ಕೊಡುವವರಿಗೆ ಒಂದು ಮಾತು. ಅಲ್ಲಿ ಆಯುಧ ಹೊಂದುವುದು ಸಂವಿಧಾನದ ಹಕ್ಕು. ಕಾರಣ ತೋರಿಸಿದವರಿಗೆ ಮಾತ್ರ ಪರವಾನಗಿ ಎಂಬ ನ್ಯೂಯಾರ್ಕ್ ರಾಜ್ಯದ ನಿಯಮವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2022ರಲ್ಲಿ ರದ್ದುಗೊಳಿಸಿತು. ಅರ್ಹ ಪೊಲೀಸರು ಮತ್ತು ನಿವೃತ್ತ ಪೊಲೀಸರು ಮುಚ್ಚಿಟ್ಟ ಪಿಸ್ತೂಲಿನೊಂದಿಗೆ ದೇಶದ ಎಲ್ಲೆಡೆ ಓಡಾಡಬಹುದೆಂದು 2004ರಿಂದ ಅಲ್ಲಿ ಕಾನೂನೇ ಇದೆ. ಆ ದೇಶದಲ್ಲಿಯೂ ಆ ಸವಲತ್ತು ಪೊಲೀಸರಿಗೆ ಸಿಕ್ಕಿದೆಯೇ ಹೊರತು ರಸ್ತೆ, ಸೇತುವೆ ಕಟ್ಟಿಸುವ ಎಂಜಿನಿಯರಿಗೆ ಸಿಕ್ಕಿಲ್ಲ. ನಮ್ಮ ಸುಪ್ರೀಂ ಕೋರ್ಟ್ 2023ರಲ್ಲಿ ಉತ್ತರಪ್ರದೇಶದ ಒಂದು ಪ್ರಕರಣದ ವಿಚಾರಣೆಯಲ್ಲಿ, ನಮ್ಮ ಸಂವಿಧಾನ ಅಂಥ ಮೂಲಭೂತ ಹಕ್ಕನ್ನು ಯಾರಿಗೂ ಕೊಟ್ಟಿಲ್ಲವೆಂದು ನೆನಪಿಸಿತು. ಹಕ್ಕೇ ಇಲ್ಲದಲ್ಲಿ ನೌಕರಿಯಿಂದ ಹಕ್ಕು ಹುಟ್ಟುವುದೆಂತು?

ಮನೆಯೊಳಗಿನ ಲೆಕ್ಕವನ್ನೂ ಮಾಡಬೇಕು. ಅರವತ್ತು ದಾಟಿದವನ ಮನೆಯಲ್ಲಿ ಮೊಮ್ಮಕ್ಕಳು ಓಡಾಡುತ್ತಿರುತ್ತಾರೆ. ಕಣ್ಣು ಮಂಜಾಗಿರುತ್ತದೆ, ಕೈ ನಡುಗುತ್ತಿರುತ್ತದೆ. ಆಸ್ತಿಯ ಪಾಲಿನ ಜಗಳ ಇರದ ಮನೆ ಕಡಿಮೆ. ಅಲ್ಮಾರಿಯಲ್ಲಿ ಪಿಸ್ತೂಲು ಇದೆ ಎಂಬುದೇ ಆ ಜಗಳದ ದನಿಯನ್ನು ಬದಲಿಸುತ್ತದೆ. ಮದುವೆ ಮೆರವಣಿಗೆಯಲ್ಲಿ ಅಳಿಯನೋ ಸೋದರಳಿಯನೋ ಸಂಭ್ರಮಕ್ಕೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯ ಪ್ರಕಾರ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪರರ ಕೈಗೆ ಕೊಟ್ಟ ಲೈಸನ್ಸುದಾರನೂ ಉತ್ತರ ಹೇಳಬೇಕಾಗುತ್ತದೆ.

ಬಸವಣ್ಣನವರೂ ಒಂದು ಅರ್ಥದಲ್ಲಿ ಸರಕಾರಿ ನೌಕರರೇ. ಬಿಜ್ಜಳನ ಭಂಡಾರ ಅವರ ವಶದಲ್ಲಿತ್ತು. ಭಂಡಾರದ ಬೀಗದ ಕೈಯನ್ನು ಅವರು ತಮ್ಮ ಸ್ವಂತದ್ದೆಂದು ತಿಳಿಯಲಿಲ್ಲ. ಅದು ಕಾಯಕದ ಸಾಧನ. ಕಲ್ಯಾಣ ಬಿಟ್ಟು ಹೊರಟಾಗ ಭಂಡಾರಿಯ ಪದವಿಯನ್ನು ಹೊತ್ತುಕೊಂಡು ಹೋಗಲಿಲ್ಲ. ಕಾಯಕಕ್ಕೆ ಕೊಟ್ಟ ಅಧಿಕಾರ ಕಾಯಕದೊಂದಿಗೆ ಮುಗಿಯುತ್ತದೆ ಎಂಬುದನ್ನು ನಾವು ಅವರಿಂದ ಕಲಿಯಬೇಕಿದೆ. ನಿವೃತ್ತಿಯ ನಂತರವೂ ನೇಮ್‌ಪ್ಲೇಟಿನಲ್ಲಿ ಹುದ್ದೆ ಬರೆಸಿಕೊಳ್ಳುವ ನಮ್ಮ ಚಪಲಕ್ಕೂ ಸೊಂಟದ ಪಿಸ್ತೂಲಿನ ಆಸೆಗೂ ಬೇರು ಒಂದೇ: ಕುರ್ಚಿ ಹೋದ ಮೇಲೆ ಜನ ನಮಸ್ಕಾರ ಮಾಡುವುದನ್ನು ಬಿಟ್ಟಾರೆಂಬ ಅಂಜಿಕೆ. ಆ ಅಂಜಿಕೆಗೆ ಯಾವ ಜಿಲ್ಲಾಧಿಕಾರಿಯ ಬಳಿಯೂ ಪರವಾನಗಿ ಇಲ್ಲ.

ಕೊನೆಯದಾಗಿ ಮಠಾಧೀಶರಲ್ಲಿ ಮತ್ತು ಬಳಗದವರಲ್ಲಿ ಮೂರು ವಿನಂತಿ. ಬಂದೂಕಿನ ಅರ್ಜಿಗೆ ಮಠದ ಲೆಟರ್‌ಹೆಡ್ ಮೇಲೆ ಶಿಫಾರಸು ಪತ್ರ ಕೊಡುವುದು ಬೇಡ. ಕಾಯ್ದೆ ಕೇಳದ ಪತ್ರ ಅದು. ಕೊಟ್ಟರೆ ಆ ಗುಂಡು ಹಾರಿದ ದಿನ ಮಠದ ಹೆಸರೂ ಕಡತದಲ್ಲಿರುತ್ತದೆ. ಎರಡನೆಯದು, ಬೆದರಿಕೆಗೆ ಒಳಗಾದ ನೌಕರನೋ ಬರಹಗಾರನೋ ಮಠಕ್ಕೆ ಬಂದರೆ, ಅವನೊಂದಿಗೆ ಹತ್ತು ಜನ ಠಾಣೆಗೆ ಹೋಗಿ ದೂರು ದಾಖಲಿಸುವ ವ್ಯವಸ್ಥೆಯನ್ನು ಪ್ರತಿ ಮಠವೂ ಮಾಡಲಿ. ಒಬ್ಬನೇ ಹೋದರೆ ದೂರು ಅರ್ಜಿಯಾಗಿಯೇ ಉಳಿಯುತ್ತದೆ, ಹತ್ತು ಮಂದಿ ಹೋದರೆ ಎಫ್‌ಐಆರ್ ಆಗುತ್ತದೆ. ಮೂರನೆಯದು, ನಮ್ಮ ಬಳಗದ ನೌಕರರು ಅರ್ಜಿ ಹಾಕುವುದೇ ಆದರೆ ಹುದ್ದೆಯ ಹೆಸರನ್ನು ಉದ್ಯೋಗದ ಕಾಲಂನಲ್ಲಿ ಮಾತ್ರ ಬರೆಯಲಿ. ಕಾರಣದ ಕಾಲಂನಲ್ಲಿ ಕಾರಣವನ್ನೇ ಬರೆಯಲಿ. ಬರೆಯಲು ಕಾರಣ ಸಿಗದಿದ್ದರೆ ಆ ಅರ್ಜಿಯನ್ನು ಮಡಚಿ ಇಟ್ಟುಬಿಡಲಿ.